ನೀಲಿ ಬಾನಿ

ನೀರು ಹೋದದ್ದಕ್ಕಿಂತ, ನೀರು ಹೋದ ಮೇಲೆ ತಳದಲ್ಲಿ ಉಳಿದದ್ದನ್ನು ನೋಡಿ ರಾಯಪ್ಪನ ಮೈ ಉರಿಯಿತು. ಒಂದು ಹಣಿಗೆ. ಅರ್ಧ ಸವೆದ ಕೆಂಪು ಸಾಬೂನು. ಯಾರದೋ ಎಡಗಾಲಿನ ರಬ್ಬರ್ ಚಪ್ಪಲಿ. ಮೂಲೆಯಲ್ಲಿ ಕಂದು ಕೆಸರಿನ ಗುಪ್ಪೆ, ಅದರೊಳಗಿಂದ ಹೊರಗೆ ಚಾಚಿಕೊಂಡ ಮಣ್ಣಿನ ಪುಟ್ಟ ಅಭಯಹಸ್ತ. ಅಂದರೆ ಮೊನ್ನೆ ಅನಂತ ಚತುರ್ದಶಿಗೆ ಠಾಕುರ್ಲಿಯ ಯಾವನೋ ಭಕ್ತ ಸಮುದ್ರದ ಹಿನ್ನೀರಿನ ಖಾಡಿಯ ತನಕ ನಡೆಯಲು ಬೇಸರಪಟ್ಟು, ಕಾಂಪೌಂಡು ಹಾರಿ ಬಂದು, ತನ್ನ ಹಿತ್ತಲಿನ ಈಜುಕೊಳದಲ್ಲಿ ಗಣಪತಿಯನ್ನು ಮುಳುಗಿಸಿ ಹೋಗಿದ್ದಾನೆ. ಅದೇ ನೀರಿನಲ್ಲಿ ತಾನು ನಿನ್ನೆ ಶನಿವಾರ, ಇವತ್ತು ಕೊಳ ನೋಡಲು ಬರುವ ಗಿರಾಕಿಗಳ ಸಲುವಾಗಿ ಅಭ್ಯಾಸಕ್ಕೆಂದು, ಎದೆಮಟ್ಟ ಕೂತಿದ್ದೆ. ದೇವರ ಮೇಲೆಯೇ ಕೂತಿದ್ದೆನೋ ಏನೋ. ರಾಯಪ್ಪ ಕೈಯಲ್ಲಿದ್ದ ಪೇಡೆಯ ಡಬ್ಬಿಯನ್ನು, ಮುಲುಂಡಿನ ಡಾಕ್ಟರ ಹೆಂಡತಿಗೆಂದು ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿ ತಂದಿದ್ದ ಡಬ್ಬಿಯನ್ನು, ಕಟ್ಟೆಯ ಮೇಲೆ ಕುಕ್ಕಿ, ಅಡುಗೆಮನೆಯ ಕಡೆ ತಿರುಗಿ ಕೂಗಿದ.

"ನೀರೆಲ್ಲಿ?"

ಹೆಂಡತಿ ಕಾಶವ್ವ ರಾತ್ರಿಯ ಗ್ರಹಣದ ತಲೆಸ್ನಾನ ಮಾಡಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಗ್ರಹಣದ ನೀರು ಮನ್ಯಾಗ ಇಟ್ಕೋತಾರೇನ್ರಿ? ಕೊಡಾ ಚೆಲ್ಲೀನಿ, ಹಂಡೇ ಚೆಲ್ಲೀನಿ, ದೇವರ ತಂಬಿಗಿ ಚೆಲ್ಲೀನಿ. ಅದನ್ನೂ ಚೆಲ್ಲೀನಿ."

"ಅದೇನು ಕೊಡ ಅಂತ ತಿಳಕೊಂಡೇನ? ಎರಡು ಟ್ಯಾಂಕರ್ ನೀರದು!"

"ನಮ್ಮ ಹಿತ್ತಲದಾಗ ಐತಿಲ್ಲೋ? ಹಂಗಾರ ನಮ್ಮ ಮನಿ ನೀರು. ಮಷಿನ್ ಬಟನ್ ಒತ್ತಿದ್ನಿ, ಹೋತು."

"ನಾ ನಿನ್ನೆ ಸಂಜೀಕನ ತುಳಸಿ ಹಾಕಿದ್ನೆಲ್ಲ!"

"ಒಂದ ಎಲಿ," ಎಂದಳು ಕಾಶವ್ವ. "ಅಷ್ಟು ದೊಡ್ಡ ಬಾನಿಗೆ ಒಂದ ಎಲಿ."

ಬಾನಿ. ದನ ನೀರು ಕುಡಿಯುವ ಬಾನಿ. ಒಂದೂವರೆ ವರ್ಷದಿಂದ ಅವಳು ಅದನ್ನು ಬೇರೆ ಹೆಸರಿನಿಂದ ಕರೆದಿಲ್ಲ. ಫ್ಯಾಕ್ಟರಿಯ ಕಾಗದದಲ್ಲಿ ಅದಕ್ಕೆ ಎಷ್ಟು ಉದ್ದದ ಹೆಸರಿತ್ತು! ಡೊಂಬಿವಲಿಯ ಇಂಡಸ್ಟ್ರಿ ಏರಿಯಾದಲ್ಲಿ ನೀರಿನ ಟಾಕಿ, ಬಸ್ಸಿನ ಸೀಟು, ಮೀನುಗಾರರ ದೋಣಿ ಮಾಡುತ್ತಿದ್ದ ಫೈಬರ್‌ಗ್ಲಾಸ್ ಫ್ಯಾಕ್ಟರಿಯ ಸೇಟು, ತುರ್ತು ಪರಿಸ್ಥಿತಿ ಮುಗಿದ ಖುಷಿಯಲ್ಲಿ ಯಾವುದೋ ಫಾರಿನ್ ಮಾಸಿಕ ತಿರುವಿಹಾಕಿ, ಇಡೀ ಈಜುಕೊಳವನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಹೇಗೆ ಎಂದು ಯೋಚಿಸಿದ್ದ. ಹೊಯ್ದೂ ಬಿಟ್ಟರು. ಹದಿನೆಂಟು ಅಡಿ ಉದ್ದದ, ಆಕಾಶದ ಬಣ್ಣದ ಒಂದು ತುಂಡು. ದೋಣಿಯನ್ನು ಒಳಗಿನಿಂದ ನೋಡಿದ ಹಾಗೆ. ಆಮೇಲೆ ಅದನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂತು. ಮನೆಯಲ್ಲಿ ಹೂತು ತೋರಿಸಿದರೆ ಜನ ಕೊಳ್ಳುತ್ತಾರೆ, ಶ್ರೀಮಂತರ ಮನೆಯಲ್ಲಲ್ಲ, ನಮ್ಮಂಥವರ ಮನೆಯಲ್ಲಿ, ಎಂದು ಸೇಟು ಹೇಳುತ್ತ ಅಚ್ಚಿನ ಖಾತೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಉಳಿದವರೆಲ್ಲ ಚಾಳಿನ ಮೂರನೇ ಮಹಡಿಯವರು. ಹಿತ್ತಲು ಇದ್ದವನು ರಾಯಪ್ಪ ಒಬ್ಬ. "ರಾಯಪ್ಪಾ, ಘರ್‌ವಾಲೀ ಕೋ ಚಲೇಗಾ?" ಹೆಂಡತಿಗೆ ನಡೆಯುತ್ತದೆಯೇ ಎಂದು ಸೇಟು ಕೇಳಿದ್ದ. ಕೇಳಿ ಮುಗಿಯುವ ಮೊದಲೇ ರಾಯಪ್ಪ ನಕ್ಕು, ಅವಳಿಗೆ ಭಾರಿ ಖುಷಿ ಎಂದಿದ್ದ. ಆ ಹೊತ್ತಿನಲ್ಲಿ ಅವಳು ಅದೇ ಹಿತ್ತಲಿನಲ್ಲಿ ಚಾದರ ಒಗೆಯುತ್ತಿದ್ದಳು, ಅವಳಿಗೆ ಏನೂ ಗೊತ್ತಿರಲಿಲ್ಲ.

ಹೇಳಿದರೆ ಬೇಡ ಎನ್ನುತ್ತಿದ್ದಳು. ಬೇಡ ಎನ್ನುವವರನ್ನು ಕೇಳುವುದೇಕೆ? ಇದರಲ್ಲಿ ಅನ್ಯಾಯ ಏನಿದೆ? ಅನ್ಯಾಯವಾದದ್ದು ತನಗೆ ಎಂದೇ ರಾಯಪ್ಪ ಲೆಕ್ಕ ಹಾಕಿಕೊಂಡಿದ್ದ. ಬಾಗಲಕೋಟೆಯ ಕಡೆ ಹುಟ್ಟಿದವನು, ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನಲ್ಲ, ಈಜು ಬಾರದು. ಪ್ರತಿ ಭಾನುವಾರ ಹತ್ತರಿಂದ ಹನ್ನೆರಡು ಫ್ಯಾಕ್ಟರಿ ಕೊಟ್ಟ ಪಟ್ಟೆಪಟ್ಟೆ ಚಡ್ಡಿ ಹಾಕಿಕೊಂಡು, ಕಡಿಮೆ ಆಳದ ತುದಿಯ ಮೆಟ್ಟಿಲ ಮೇಲೆ ಕೂತು, ಎದೆಗೆ ನೀರು ಚಿಮುಕಿಸಿಕೊಳ್ಳುತ್ತ ಸುಖವಾಗಿರುವಂತೆ ಕಾಣಬೇಕು. ಗಿರಾಕಿಗಳು ಬರುತ್ತಾರೆ, ದಂಡೆಯ ಮೇಲೆ ನಿಂತು ನೋಡುತ್ತಾರೆ. ಭಿವಂಡಿಯ ಮಗ್ಗದ ಮಾಲೀಕನೊಬ್ಬ ಇದರಲ್ಲಿ ಒಂದೇ ಸಲಕ್ಕೆ ಎಷ್ಟು ಥಾನು ಬಟ್ಟೆಗೆ ಬಣ್ಣ ಹಾಕಬಹುದು ಎಂದು ಕೇಳಿದ. ಠಾಣೆಯ ವಕೀಲ ಮೀನು ಬದುಕುತ್ತವೆಯೇ ಎಂದು ಕೇಳಿ, ರಾಯಪ್ಪ ಬದುಕಿರುವುದನ್ನು ನೋಡಿ ತಾನೇ ತಲೆಯಾಡಿಸಿದ. ಎಲ್ಲರೂ ಕೊನೆಗೆ ಕೇಳುವುದು ಒಂದೇ: ಇದು ನಮ್ಮಂಥ ಮನೆಗೆ, ನಮ್ಮ ಹವೆಗೆ ಒಗ್ಗುತ್ತದೆಯೇ? ರಾಯಪ್ಪ ಕಂಠಪಾಠ ಮಾಡಿದ್ದನ್ನು ಒಪ್ಪಿಸುತ್ತಾನೆ. ಬೇಸಿಗೆಯಲ್ಲಿ ತಂಪು. ಮಳೆಗಾಲದಲ್ಲಿ ತಾನಾಗಿ ತುಂಬುತ್ತದೆ. ಚಳಿಗಾಲ ಡೊಂಬಿವಲಿಯಲ್ಲಿ ಇಲ್ಲವೇ ಇಲ್ಲ. ಫ್ಯಾಕ್ಟರಿಗಳ ಹೊಗೆ ನೀರಿನ ಮೇಲೆ ಕೆನೆಯಂತೆ ಕಟ್ಟುವುದನ್ನು, ಸೋಮವಾರ ಬೆಳಿಗ್ಗೆ ತೊಡೆಯ ಮೇಲೆ ಎದ್ದಿರುವ ಕೆಂಪು ದದ್ದುಗಳನ್ನು, ಏಳು ಕೇರಿಗೆ ಸಾಕಾಗುವಷ್ಟು ಸೊಳ್ಳೆಗಳನ್ನು ಅವನು ಹೇಳುವುದಿಲ್ಲ. ಕಾಂಪೌಂಡಿನ ಆಚೆ ಮುನಸಿಪಾಲ್ಟಿಯ ನಲ್ಲಿಯ ಮುಂದೆ ಕೊಡಗಳ ಸಾಲು. ಅರ್ಧ ಕೊಡ ನೀರಿಗೆ ಹೊಡೆದಾಡುವ ಹೆಂಗಸರು, ಅಷ್ಟೂ ನೀರಿನಲ್ಲಿ ಸುಮ್ಮನೆ ಕೂತ ಒಬ್ಬ ಗಂಡಸನ್ನು ಗೋಡೆಯ ಮೇಲಿಂದ ನೋಡುತ್ತಾರೆ. "ಪಾಣ್ಯಾತ್ ಬಸ್ಲೇಲಾ ರೇಡಾ," ನೀರಲ್ಲಿ ಕೂತ ಕೋಣ ಎಂದು ಅವರಲ್ಲೊಬ್ಬಳು ಅಂದದ್ದು ಇಡೀ ಠಾಕುರ್ಲಿಗೆ ಹಬ್ಬಿತ್ತು. ಮಗಳು ಶ್ರೀಮತಿ ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಗೆಳತಿಯ ಮನೆಗೆ ಹೋಗಿಬಿಡುತ್ತಾಳೆ. ಹೋಗುವಾಗ, "ಬಾಬಾ, ನಿದಾನ್ ಬನಿಯನ್ ತರೀ ಘಾಲಾ," ಬನಿಯನ್ನಾದರೂ ಹಾಕಿಕೊಳ್ಳಿ ಎನ್ನುತ್ತಾಳೆ. ಇಷ್ಟೆಲ್ಲ ಯಾರಿಗಾಗಿ? ಇವತ್ತು ಮುಲುಂಡಿನ ಡಾಕ್ಟರು ಹೂಂ ಅಂದರೆ ನವಿ ಮುಂಬಯಿಯ ತುರ್ಭೆಯಲ್ಲಿ ಏಳಲಿರುವ ಹೊಸ ಶೆಡ್ಡಿಗೆ ರಾಯಪ್ಪನೇ ಫೋರ್ಮನ್ ಎಂದು ಸೇಟು ಮಾತು ಕೊಟ್ಟಿದ್ದಾನೆ. ಹೂಂ ಎನ್ನದಿದ್ದರೆ ಮತ್ತೆ ಅಚ್ಚಿಗೆ ಮೇಣ ಉಜ್ಜುವುದು, ಐವತ್ತನೇ ವಯಸ್ಸಿನಲ್ಲಿ. ಅಂಥ ದಿನ ನೋಡಿಯೇ ಇವಳು ಬಟನ್ ಒತ್ತಿದ್ದಾಳೆ.

ಮಳೆ ಹನಿಯುತ್ತಿತ್ತು. ವಾರದಿಂದ ಬಿಟ್ಟೂಬಿಡದೆ ಹೊಡೆದು ಈಗ ದಣಿದಂತಿದ್ದ ಮಳೆ. ನೆಲ ಕಾಲಿಟ್ಟಲ್ಲೆಲ್ಲ ಪಿಚಕ್ ಎನ್ನುತ್ತಿತ್ತು. ಮೇಲಿನ ಮಹಡಿಯ ಬಾಡಿಗೆದಾರ ಲೀಲಾಧರ, ಕಲ್ಯಾಣ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟಿರುವ ಉಡುಪಿಯವನು, ಲುಂಗಿ ಎತ್ತಿ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದು, ಖಾಲಿ ಕೊಳವನ್ನು ಬಹಳ ಹೊತ್ತು ನೋಡಿದ.

"ಎಂತ ರಾಯಪ್ಪನವರೇ, ಗಣಪತಿ ಉಂಟಲ್ಲ ಅಡಿಯಲ್ಲಿ!"

"ನಿಮಗ ನಗಿ ಬರ್ತೈತಿ."

"ನಗುವುದಲ್ಲ ಮಾರಾಯ್ರೆ. ಗ್ರಹಣದ ನೀರಿಗೆ ನಮ್ಮ ಕಡೆ ಒಂದು ಗರಿಕೆ ಹಾಕಿದರೆ ಆಯ್ತು. ಚೆಲ್ಲಿದರೆ ಪುನಃ ಸಿಗುವುದಾ ಇಲ್ಲಿ?"

"ಅದನ್ನ ನಿಮ್ಮ ವಹಿನಿಗೆ ಹೇಳ್ರಿ," ಎಂದು ರಾಯಪ್ಪ ಅಡುಗೆಮನೆಯ ಕಡೆ ಕೈ ತೋರಿಸಿದ.

"ನಾನು ಹೇಳುದಾ? ನನಗೆ ಬಾಡಿಗೆ ಮನೆ ಬೇಕು." ಲೀಲಾಧರ ಆಕಾಶ ನೋಡಿದ. "ಇವತ್ತು ಹುಣ್ಣಿಮೆಯ ಉಬ್ಬರ ಬೇರೆ. ಮಧ್ಯಾಹ್ನಕ್ಕೆ ಪೂರ್ತಿ ಏರ್ತದೆ. ಖಾಡಿಯ ನೀರು ಈಗಲೇ ರೈಲು ಹಳಿಯ ಬುಡಕ್ಕೆ ಬಂದಿದೆ, ನೋಡಿಕೊಂಡೇ ಬಂದೆ."

ಉಬ್ಬರಕ್ಕೂ ತನ್ನ ಕಷ್ಟಕ್ಕೂ ಏನು ಸಂಬಂಧ ಎಂದು ರಾಯಪ್ಪನಿಗೆ ಸಿಟ್ಟು ಬಂತು. ಸಮುದ್ರದ ದಂಡೆಯವರಿಗೆ ಯಾವಾಗಲೂ ಸಮುದ್ರದ್ದೇ ಧ್ಯಾನ. ಆದರೆ ಆ ಮಾತು ಎಲ್ಲೋ ಒಂದು ಕಡೆ ಚುಚ್ಚಿತು. ಕೊಳ ಹೂಳಿಸಿದ ದಿನ ಸೇಟು ಮಾಸಿಕದಲ್ಲಿ ಬೆರಳಿಟ್ಟು ಒಂದು ಮಾತು ಹೇಳಿದ್ದ: ಮಳೆಗಾಲದಲ್ಲಿ ಇದನ್ನು ಎಂದೂ ಖಾಲಿ ಬಿಡಬಾರದು. ಯಾಕೆ ಎಂದು ಸೇಟಿಗೂ ನೆನಪಿರಲಿಲ್ಲ. ಬಾರದು, ಅಷ್ಟೆ. ಶುಕ್ರವಾರ ಉಗುರು ಕತ್ತರಿಸಬಾರದು, ಸಂಜೆ ಕಸ ಗುಡಿಸಬಾರದು, ಗ್ರಹಣದ ನೀರು ಇಡಬಾರದು. ಅವ್ವನ ಕಾಲದಿಂದ ಇಂಥ ಬಾರದುಗಳ ನಡುವೆಯೇ ಬೆಳೆದ ರಾಯಪ್ಪ ಇದನ್ನೂ ಅವುಗಳ ಜೊತೆಗೆ ಸೇರಿಸಿ, ಫ್ಯಾಕ್ಟರಿಯವರಿಗೂ ಒಂದು ಮಡಿ ಇರುತ್ತದೆ ಎಂದುಕೊಂಡು ಮರೆತಿದ್ದ. ಕಾಶವ್ವನಿಗೆ ಹೇಳಿರಲಿಲ್ಲ. ಬಾನಿಯ ವಿಷಯದಲ್ಲಿ ಅವಳಿಗೆ ಅವನು ಹೇಳಿದ್ದಾದರೂ ಏನು? ಒಂದು ತಿಂಗಳು ಅಷ್ಟೆ ಕಾಶಿ, ಆಮೇಲೆ ಒಯ್ಯುತ್ತಾರೆ ಅಂದಿದ್ದ. ಮತ್ತೆ ಕಲ್ಲಿನ ವಿಷಯ.

ಕಲ್ಲಿನ ವಿಷಯ ನೆನಪಾದಾಗಲೆಲ್ಲ ರಾಯಪ್ಪ ಬೇರೆ ಏನಾದರೂ ಕೆಲಸ ಹುಡುಕುತ್ತಾನೆ. ಈಗಲೂ ಹುಡುಕಿದ. ನೀರಿಲ್ಲದಿದ್ದರೆ ಬೇಡ, ಚೊಕ್ಕ ಇರಲಿ, ತಳ ಹೊಳೆಯಲಿ ಎಂದು ಅಂಗಿ ಬಿಚ್ಚಿ, ಪಟ್ಟೆ ಚಡ್ಡಿಯಲ್ಲಿ ತೆಂಗಿನ ನಾರಿನ ಬ್ರಷ್ಷು ಹಿಡಿದು ಮೆಟ್ಟಿಲಿಳಿದು ಆಳದ ತುದಿಗೆ ಹೋದ. ಅಲ್ಲಿ ನೆಟ್ಟಗೆ ನಿಂತರೆ ಅವನ ಕಣ್ಣು ಸರಿಯಾಗಿ ನೆಲದ ಮಟ್ಟಕ್ಕೆ ಬರುತ್ತಿತ್ತು. ಸುತ್ತಲೂ ನೀಲಿ ಗೋಡೆ. ಹೊರಗಿನ ಸದ್ದೆಲ್ಲ ಡ್ರಮ್ಮಿನೊಳಗಿಂದ ಕೇಳಿದ ಹಾಗೆ. ಆದರೂ ಕಲ್ಲು ತಲೆಯಿಂದ ಹೋಗಲಿಲ್ಲ. ಕೆಂಪು ಕಲ್ಲು ಅದು, ಬಾದಾಮಿ ಕಡೆಯದು. ಮದುವೆಯಾಗಿ ಬಂದ ವರ್ಷ ಡೊಂಬಿವಲಿಯ ಕಲ್ಲುಗಳ ಮೇಲೆ ಬಟ್ಟೆ ಹರಿಯುತ್ತದೆ ಎಂದು ಕಾಶವ್ವ ಅತ್ತದ್ದಕ್ಕೆ ಅವಳಪ್ಪ ಸೋಲಾಪುರದ ಮೇಲಿಂದ ರೈಲಿನ ಲಗೇಜ್ ಡಬ್ಬಿಯಲ್ಲಿ ಕಳಿಸಿದ ಒಗೆಯುವ ಕಲ್ಲು. ಕಲ್ಯಾಣ ಸ್ಟೇಷನ್ನಿನಲ್ಲಿ ಇಬ್ಬರು ಹಮಾಲರು ಅದನ್ನು ಇಳಿಸುವಾಗ ದೇವರು ಬಂದಿದೆ ಎಂದು ಜನ ಕೈಮುಗಿದಿದ್ದರು. ಇಪ್ಪತ್ತು ವರ್ಷ ಒಗೆದು ಒಗೆದು ಅದರ ನಡುವೆ ಒಂದು ತಗ್ಗು ಬಿದ್ದಿತ್ತು, ತಲೆ ಇಟ್ಟು ಮಲಗಿದ ದಿಂಬಿನ ಹಾಗೆ. ಕೊಳ ಇಳಿಸುವ ದಿನ ಕಾಶವ್ವ ಕಲ್ಯಾಣದ ತಂಗಿಯ ಮನೆಗೆ ಹೋಗಿದ್ದಳು. ಹೋಗಿದ್ದಳೆಂದೇ ಅವನು ತಿಳಿದಿದ್ದ. ಆಳದ ಮೂಲೆ ವಾಲುತ್ತಿದೆ, ಅಡಿಗೆ ಏನಾದರೂ ಕೊಡಿ ಎಂದು ಕೂಲಿಯವರು ಕೂಗಿದರು. ರಾಯಪ್ಪ ಸುತ್ತ ನೋಡಿದ. ಕಾಲಿನಿಂದಲೇ ಆ ಕಲ್ಲನ್ನು ಗುಂಡಿಗೆ ಹೊರಳಿಸಿದ. ಸಂಜೆ ಅವಳಿಗೆ, ಕಲ್ಲನ್ನು ಫ್ಯಾಕ್ಟರಿಯಲ್ಲಿ ಜೋಪಾನವಾಗಿ ಇಡಿಸಿದ್ದೇನೆ ಎಂದ. ಅವಳು ಹೂಂ ಅಂದಳು. ಅಂದಿನಿಂದ ಬಚ್ಚಲಿನ ಮೊಸಾಯಿಕ್ ಮೇಲೆ ಕುಕ್ಕರುಗಾಲಲ್ಲಿ ಕೂತು ಒಗೆಯುತ್ತಾಳೆ. ಒಮ್ಮೆಯೂ ಕೇಳಿಲ್ಲ. ಕೇಳದೇ ಇರುವುದಕ್ಕೆ ಏನು ಹಕ್ಕಿದೆ ಅವಳಿಗೆ? ಒಂದು ಸಲ ಜಗಳ ಆಡಿದ್ದರೆ ಮುಗಿದುಹೋಗುತ್ತಿತ್ತಲ್ಲ! ರಾಯಪ್ಪ ಸಿಟ್ಟಿನಿಂದ ಗಣಪತಿಯ ಕೆಸರನ್ನು ಕೆರೆದು ತೆಗೆದ. ಕೈ ಮಾತ್ರ ಕರಗಿರಲಿಲ್ಲ. ಎಸೆಯಲು ಮನಸ್ಸಾಗದೆ ದಂಡೆಯ ಮೇಲೆ ಇಟ್ಟ.

ಆ ಕೈಯ ಪಕ್ಕದಲ್ಲಿ ಬಿಳಿ ಬೂಟುಗಳು ಬಂದು ನಿಂತವು. ಸೇಟು. ಅವುಗಳ ಹಿಂದೆ ಕಂದು ಬೂಟು, ಡಾಕ್ಟರು. ನಡುವೆ ಹಿಮ್ಮಡಿ ಎತ್ತರದ ಚಪ್ಪಲಿ, ಡಾಕ್ಟರ ಹೆಂಡತಿ. ಚಪ್ಪಲಿಯ ಹಿಮ್ಮಡಿ ನೆಲದೊಳಗೆ ಇಳಿದು ಹೂತುಕೊಳ್ಳುತ್ತಿತ್ತು. ರಾಯಪ್ಪ ಗಡಬಡಿಸಿ ಮೆಟ್ಟಿಲ ಕಡೆ ಹೊರಟ.

"ಅರೆ, ಮತ್ ಆವೋ!" ಎಂದ ಸೇಟು. "ಅಂದರ್ ಹೀ ರಹೋ. ಸಾಬ್ ಕೋ ಸೈಜ್ ಸಮಝ್ ಮೇ ಆಯೇಗಾ."

ಒಳಗೇ ಇರು, ಅಳತೆ ಗೊತ್ತಾಗುತ್ತದೆ. ಗೊತ್ತಾಗಲಿ! ಹದಿನೈದು ವರ್ಷ ದುಡಿದದ್ದು ಅಳತೆಗೋಲಾಗುವುದಕ್ಕೆ! ನೀರು ಎಲ್ಲಿ ಎಂದು ಡಾಕ್ಟರು ಕೇಳಿದರು. ಸರ್ವಿಸಿಂಗ್ ನಡೆಯುತ್ತಿದೆ, ಒಳಗಿನ ಫಿನಿಶಿಂಗ್ ಕಾಣಲಿ ಎಂದು ಬೇಕೆಂದೇ ಇವತ್ತು ತೆಗೆಸಿದ್ದು ಎಂದು ಸೇಟು ಕಣ್ಣು ಮಿಟುಕಿಸದೆ ಹೇಳಿದ. ರಾಯಪ್ಪನಿಗೆ ಸೇಟಿನ ಕಣ್ಣು ಕಾಣುತ್ತಿರಲಿಲ್ಲ, ಕಾಲ್ಬೆರಳಿನ ಜಾಗದಲ್ಲಿ ಬೂಟು ಒಂದಿಷ್ಟು ಮೇಲೆದ್ದು ಇಳಿದದ್ದು ಕಂಡಿತು. ಅಡುಗೆಮನೆಯ ಬಾಗಿಲಿನಿಂದ ಇನ್ನೆರಡು ಪಾದ ಬಂದವು. ಬರಿಗಾಲು. ಎರಡನೇ ಬೆರಳಿನಲ್ಲಿ ಸವೆದ ಬೆಳ್ಳಿಯ ಕಾಲುಂಗುರ, ಉಗುರಿನ ಸಂದಿಯಲ್ಲಿ ಸಾಬೂನಿನ ನೀರಿಗೆ ಬಿಳಿಚಿದ ಚರ್ಮ. ಹೆಂಡತಿಯ ಪಾದವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಸಪ್ತಪದಿಯ ದಿನ ಇರಬೇಕು. ಆ ದಿನವೂ ಗಡಿಬಿಡಿಯಲ್ಲಿ ಸರಿಯಾಗಿ ನೋಡಿರಲಿಲ್ಲ.

"ಬೋಲೋ ರಾಯಪ್ಪಾ, ಕೈಸಾ ಲಗತಾ ಹೈ?" ಹೇಗನಿಸುತ್ತದೆ ಹೇಳು ಎಂದ ಸೇಟು.

ರಾಯಪ್ಪ ಬೂಟುಗಳಿಗೆ ಒಪ್ಪಿಸತೊಡಗಿದ. ಬೇಸಿಗೆಯಲ್ಲಿ ತಂಪು. ಮಳೆಗಾಲದಲ್ಲಿ ತಾನಾಗಿ ತುಂಬುತ್ತದೆ. ಹೇಳುತ್ತಿರುವಾಗ ಎಲ್ಲೋ ಆಳದಲ್ಲಿ, ಹೊಟ್ಟೆ ತುಂಬಿದ ಎಮ್ಮೆ ಉಸಿರು ಬಿಟ್ಟಂಥ ಸದ್ದಾಯಿತು. ದಂಡೆಯ ಸಿಮೆಂಟಿನ ಪಟ್ಟಿಯಲ್ಲಿ ಕೂದಲೆಳೆಯಂಥ ಬಿರುಕು ಓಡಿತು. ರೈಲು ಹೋದಾಗ ಹೀಗೆ ಆಗುವುದುಂಟು. ಅವನು ನಿಲ್ಲಿಸಲಿಲ್ಲ. ಚಳಿಗಾಲ ಡೊಂಬಿವಲಿಯಲ್ಲಿ ಇಲ್ಲವೇ ಇಲ್ಲ, ಎಂದು ಹೇಳುವಾಗ ತಾನು ಬೂಟಿಗಲ್ಲ, ಡಾಕ್ಟರ ಪ್ಯಾಂಟಿನ ಮೊಣಕಾಲಿಗೆ ಹೇಳುತ್ತಿದ್ದೇನೆ ಎಂದು ಅನಿಸಿತು. ಬಹುಶಃ ಅವರು ಬಗ್ಗಿರಬೇಕು. ದೊಡ್ಡವರು, ವಿನಯವಂತರು.

ಡಾಕ್ಟರ ಹೆಂಡತಿ ಮರಾಠಿಯಲ್ಲಿ ಕೇಳಿದಳು. "ತೇ ರಾಹೂ ದ್ಯಾ. ತುಮ್ಚ್ಯಾ ಮಿಸೆಸ್‌ನಾ ಆವಡ್ಲಂ ಕಾ?"

ಅದಿರಲಿ, ನಿಮ್ಮ ಮಿಸೆಸ್‌ಗೆ ಇಷ್ಟವಾಯಿತೇ? ಒಂದೂವರೆ ವರ್ಷದಲ್ಲಿ ಯಾವ ಗಿರಾಕಿಯೂ ಕೇಳದ ಪ್ರಶ್ನೆ. ಕಂಠಪಾಠದಲ್ಲಿ ಇಲ್ಲದ್ದು. ಆದರೂ ಬಾಯಿ ತೆರೆದುಕೊಂಡಿತು. "ಹೋ, ಖೂಪ್..." ಬಹಳ ಎಂದು ಹೇಳಹೊರಟವನಿಗೆ ಎದುರಿಗೆ ಕಂಡದ್ದು ಕಾಲುಂಗುರವಲ್ಲ. ಇಳಕಲ್ ಸೀರೆಯ ಅಂಚು. ನೋಡುತ್ತಿದ್ದಂತೆ ಅಂಚು ಕೆಳಗೆ ಇಳಿದು ನೆರಿಗೆ ಬಂತು. ನೆರಿಗೆ ಇಳಿದು, ಹಿಟ್ಟು ಮೆತ್ತಿದ ಎರಡು ಕೈ ಬಂದವು. ಭೂಮಿ ಕುಸಿಯುತ್ತಿದೆ ಎಂದು ರಾಯಪ್ಪ ಗಾಬರಿಯಾದ. ಸೇಟು, ಡಾಕ್ಟರು, ಕಾಶವ್ವ, ಹಿತ್ತಲು, ನುಗ್ಗೆಮರ ಎಲ್ಲ ನಿಧಾನವಾಗಿ, ಮರ್ಯಾದೆಯಿಂದ ಕೆಳಗೆ ಇಳಿಯುತ್ತಿದ್ದವು. ಕಾಂಪೌಂಡಿನ ಗೋಡೆ ಇಳಿಯಿತು. ಗೋಡೆಯಾಚೆಯ ಕೊಡಗಳ ಸಾಲು ಪೂರ್ತಿ ಕಂಡಿತು. ಹೆಂಗಸರು ನಲ್ಲಿಯನ್ನು ಮರೆತು ಬಾಯಿ ತೆರೆದು ನಿಂತಿದ್ದರು, ಕೊಡ ತುಂಬಿ ಹರಿಯುತ್ತಿತ್ತು.

"ಅಯ್ಯೋ, ಏಳ್ತಾ ಉಂಟು ಮಾರಾಯ್ರೆ!" ಲೀಲಾಧರ ಮೆಟ್ಟಿಲ ಮೇಲಿಂದ ಕೂಗಿದ. "ದೋಣಿಯ ಹಾಗೆ! ಅಡಿಗೆ ನೀರು ಬಂದಿದೆ!"

ಸಿಮೆಂಟಿನ ಪಟ್ಟಿ ಹಪ್ಪಳದಂತೆ ಮುರಿದು ಬದಿಗೆ ಬಿತ್ತು. ಸಂದಿಯಿಂದ ಕರಿ ನೀರು ಗುಳುಗುಳು ಉಕ್ಕಿತು. ಅಷ್ಟುದ್ದದ ನೀಲಿ ಕೊಳ, ಒಳಗೆ ಪಟ್ಟೆ ಚಡ್ಡಿಯ ರಾಯಪ್ಪನನ್ನು ನಿಲ್ಲಿಸಿಕೊಂಡು, ಒಂದಿಷ್ಟೂ ಅವಸರವಿಲ್ಲದೆ ಸೊಂಟದ ಎತ್ತರಕ್ಕೆ ಎದ್ದು, ಸ್ವಲ್ಪ ವಾಲಾಡಿ, ನಿಂತಿತು. ಡಾಕ್ಟರು ಬೂಟು ಕೆಸರಿನಲ್ಲಿ ಬಿಟ್ಟು ಹಿಂದೆ ಸರಿದಿದ್ದರು. ಸೇಟು ಮಾತ್ರ ಹಲ್ಲು ಬಿಟ್ಟು, ಇದೂ ಒಂದು ಸೌಕರ್ಯವೆನ್ನುವಂತೆ ಕೈ ಚಾಚಿ, ಡಾಕ್ಟರ ಬರಿಗಾಲು ನೋಡಿ, ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡ. ಫೋರ್ಮನ್ ಕೆಲಸ ಆ ಜೇಬಿನೊಳಗೆ ಹೋದದ್ದನ್ನು ರಾಯಪ್ಪ ಎತ್ತರದಿಂದ ಸ್ಪಷ್ಟವಾಗಿ ಕಂಡ. ಎಲ್ಲರ ತಲೆಯ ಸುಳಿಯೂ ಕಾಣುತ್ತಿತ್ತು. ಕೂಗಾಡಬೇಕು, ಯಾರನ್ನಾದರೂ ಬೈಯಬೇಕು ಎನಿಸಿತು, ಆದರೆ ಬೈಯಬೇಕಾದವರ ಸಾಲಿನಲ್ಲಿ ಮೊದಲಿಗೆ ತಾನೇ ನಿಂತದ್ದು ಕಂಡಿತು. ಅವನು ಹೆಂಡತಿಯನ್ನು ನೋಡಿದ.

"ಕಾಶಿ," ಎಂದ. "ನೀ ಏನಂತಿ? ಒಗ್ಗತೈತೇನು ಇದು ನಮ್ಮ ಮನಿಗೆ?"

ಕಾಶವ್ವ ಅವನ ಮುಖ ನೋಡಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ಮಂಡಿಯೂರಿ, ಎದ್ದ ಕೊಳದ ಅಡಿಯ ಕತ್ತಲೆಯೊಳಗೆ ಇಣುಕಿ ನೋಡುತ್ತಿದ್ದಳು.

"ಅದನ್ನ ಆಮ್ಯಾಲೆ ಮಾತಾಡೂಣು. ಮೊದಲ ಕೆಳಗ ಇಳೀರಿ. ನೀರು ಇಳದು ಇದು ಮತ್ತ ಕೂಡೂದ್ರಾಗ ನನ್ನ ಕಲ್ಲು ತಗೀರಿ."

ರಾಯಪ್ಪ ಮೆಟ್ಟಿಲ ಕಡೆಯಿಂದ ಹತ್ತಿ, ಅಂಚು ದಾಟಿ, ಕೆಸರಿಗೆ ಧುಮುಕಿದ. ಅವನ ಭಾರ ಹೋದದ್ದೇ ಕೊಳ ಇನ್ನೊಂದು ಗೇಣು ಮೇಲೆದ್ದಿತು. ಲೀಲಾಧರ ಓಡಿ ಬಂದು ಒಂದು ಮೂಲೆ ಹಿಡಿದ. ಏನು ಎತ್ತ ತಿಳಿಯದೆ ಸೇಟೂ ಬಿಳಿ ಬೂಟಿನಲ್ಲಿ ಇನ್ನೊಂದು ಮೂಲೆ ಹಿಡಿದ. ರಾಯಪ್ಪ ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ಕೆಸರಿಗೆ ಒತ್ತಿ, ಅಡಿಗೆ ಕೈ ತೂರಿಸಿದ. ತಣ್ಣಗಿನ ಉಪ್ಪು ನೀರು. ಬೇರು. ಇಟ್ಟಿಗೆಯ ಚೂರು. ಗೋಡೆಯಾಚೆಯ ಹೆಂಗಸರು ಒಬ್ಬರೂ ನಗುತ್ತಿರಲಿಲ್ಲ.

"ಸಿಗವಲ್ದು," ಎಂದ.

"ಎಡಕ್ಕ," ಎಂದಳು ಕಾಶವ್ವ, ಅವನ ಬೆನ್ನ ಹಿಂದೆ ನಿಂತು. "ಇನ್ನೊಂಚೂರು ಒಳಗ. ಆವತ್ತ ನೀವು ಕಾಲಿಲೆ ದೂಡೂದನ್ನ ಬಾಗಲದಾಗ ನಿಂತು ನೋಡೀನಿ. ಅಲ್ಲೇ ಇರ್ತೈತಿ."

ಅವನು ಭುಜದ ತನಕ ಕೈ ಇಳಿಸಿದ. ಬೆರಳಿಗೆ ಆ ತಗ್ಗು ಸಿಕ್ಕಿತು.